ಲಂಚದ ಲೆಕ್ಕ ಕಟ್ಟೋರು ಯಾರು?

ಭಟ್ಕಳ, ಹೊನ್ನಾವರ, ಕುಮಟಾದಿಂದ ಆರಾಧನೆಗೆ ಬಂದಿರುವ ಪ್ರಿಯರೇ, ಜ್ಞಾನೋಕ್ತಿಗಳು 29:4 ತೆರೆಯಿರಿ. ಲಂಚ ತಿನ್ನುವ ಅಧಿಪತಿಯ ಆತ್ಮ ಏನಾಗುತ್ತೆ ಅಂತ ಸೊಲೊಮೋನ ಇಲ್ಲಿ ಹೇಳೋದಿಲ್ಲ. ಅವನಿಂದ ದೇಶ ಬೀಳುತ್ತೆ ಅಂತಾನೆ.

ಕೆಲವು ವಿಶ್ವಾಸಿಗಳು ಕೇಳ್ತಾರೆ, "ಪಾಸ್ಟ್ರೇ, ಕೊಡೋನು ಒಪ್ಪಿ ಕೊಡ್ತಾನೆ, ತಗೊಳ್ಳೋನು ಒಪ್ಪಿ ತಗೊಳ್ತಾನೆ. ನಷ್ಟ ಯಾರಿಗೆ?" ಒಳ್ಳೇ ಪ್ರಶ್ನೆ. ಉತ್ತರಕ್ಕೆ ದೂರ ಹೋಗೋದು ಬೇಡ. ಕುಮಟಾ ದಾಟಿದರೆ ಅಂಕೋಲಾ, ಅಲ್ಲೇ ಬೇಲೆಕೇರಿ ಬಂದರು.

ನಿಮಗೆ ನೆನಪಿರಬಹುದು. ಬಳ್ಳಾರಿ ಕಡೆಯಿಂದ ಅದಿರು ತುಂಬಿದ ಲಾರಿಗಳು ಅರಬೈಲ್ ಘಾಟ್ ಇಳಿದು ಸಾಲುಸಾಲಾಗಿ ಬರ್ತಿದ್ದವು. ಲೋಡು ಮಿತಿ ಮೀರಿತ್ತು, ರಸ್ತೆ ಹಾಳಾಯ್ತು. 2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಬೇಲೆಕೇರಿಯಲ್ಲಿ ಸುಮಾರು 8 ಲಕ್ಷ ಟನ್ ಅದಿರು ಜಪ್ತಿ ಮಾಡಿತು. ಕೆಲವೇ ತಿಂಗಳಲ್ಲಿ ಅದರಲ್ಲಿ ಲಕ್ಷಗಟ್ಟಲೆ ಟನ್ ಮಾಯ! ಅದು ಜೇಬಲ್ಲಿ ಇಟ್ಕೊಂಡು ಹೋಗೋ ವಸ್ತುವಾ? ಹಡಗಿಗೇ ತುಂಬಬೇಕು. ಎಷ್ಟು ಕಣ್ಣು ಮುಚ್ಚಿರಬೇಕು, ಯೋಚನೆ ಮಾಡಿ. ಕೇಸು ಹಿಡಿದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡಲು ಹೊರಟಾಗ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ರಾಜೀನಾಮೆ ಕೊಟ್ಟರು, ಆಮೇಲೆ ಹಿಂದಕ್ಕೆ ತಗೊಂಡರು. 2011ರ ಜುಲೈನಲ್ಲಿ ಅವರು ಕೊಟ್ಟ ವರದಿಯಲ್ಲಿ, ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ.

ಆ ವ್ಯವಹಾರದಲ್ಲೂ ಕೊಟ್ಟವರು, ತಗೊಂಡವರು ಇಬ್ಬರಿಗೂ ಸಂತೋಷವೇ. ನಷ್ಟ ಆದವನು ಆ ಕೋಣೆಯಲ್ಲಿ ಇರಲೇ ಇಲ್ಲ. ಗೇರುಸೊಪ್ಪೆಯಲ್ಲೋ ಮುರ್ಡೇಶ್ವರದಲ್ಲೋ ಅವನು ಮನೇಲಿದ್ದ.

ಇವತ್ತಿಗೂ ನಮ್ಮಲ್ಲಿ ಹೃದಯಾಘಾತ ಆದರೆ ಮಣಿಪಾಲ, ಮಂಗಳೂರು ಅಂತ ಓಡಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರ್ಕೊಂಡು ಹೋಗ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್ ಹತ್ತಿರ ಪಲ್ಟಿಯಾಗಿ ನಾಲ್ವರು ತೀರಿಕೊಂಡರು. ಅದಿರಿನ ದುಡ್ಡು ಉಳಿದಿದ್ದರೆ ಆಸ್ಪತ್ರೆ ಬಂದೇ ಬರ್ತಿತ್ತು ಅಂತ ನಾನು ಹೇಳೋದಿಲ್ಲ; ಅಷ್ಟು ಸುಲಭದ ಲೆಕ್ಕ ಅಲ್ಲ ಅದು. ಆದರೆ ಖಜಾನೆಗೆ ಬಾರದ ದುಡ್ಡಲ್ಲಿ ಯಾವ ಆಸ್ಪತ್ರೆಯನ್ನೂ ಕಟ್ಟೋಕಾಗಲ್ಲ, ಇದಂತೂ ಗ್ಯಾರಂಟಿ. ಇನ್ನೊಂದು, ಮಾಮೂಲಿ ಕೊಡುವವನಿಗೇ ಲೈಸೆನ್ಸು ಸಿಗೋ ಊರಲ್ಲಿ ಪ್ರಾಮಾಣಿಕ ಹುಡುಗ ಅಂಗಡಿ ಹಾಕಲ್ಲ. ಗಲ್ಫ್‌ಗೋ ಬೆಂಗಳೂರಿಗೋ ಬಸ್ ಹತ್ತುತ್ತಾನೆ.

ಮುದುಕನಾದ ಸಮುವೇಲನು ಜನರ ಮುಂದೆ ನಿಂತು, ನಾನು ಯಾರ ಎತ್ತು ಕಿತ್ಕೊಂಡಿದ್ದೇನೆ, ಯಾರ ಹತ್ರ ಲಂಚ ತಿಂದಿದ್ದೇನೆ ಅಂತ ತಾನಾಗೇ ಲೆಕ್ಕ ಒಪ್ಪಿಸಿದ (1 ಸಮುವೇಲ 12). ನಮ್ಮ ನಾಯಕರನ್ನು ನಾವು ಹಾಗೆ ಕೇಳಬಹುದು. ಆದರೆ ಚುನಾವಣೆ ಹಿಂದಿನ ರಾತ್ರಿ ಕವರ್ ತಗೊಂಡವರಿಗೆ ಕೇಳೋಕೆ ಬಾಯಿ ಎಲ್ಲಿ?

"ಕೊಡದಿದ್ರೆ ಫೈಲು ಅಲ್ಲೇ ಕೊಳೆಯುತ್ತೆ" ಅಂತೀರಿ. ನಿಜ, ಕಷ್ಟ ಇದೆ. ಆದರೆ ಸಕಾಲ ಕಾಯ್ದೆ 2012ರಿಂದ ಜಾರಿಯಲ್ಲಿದೆ. ಅದರಡಿ ಬರುವ ಸೇವೆಗೆ ಅರ್ಜಿ ಕೊಟ್ಟರೆ ನಂಬರ್ ಇರೋ ಸ್ವೀಕೃತಿ ಕೊಡಲೇಬೇಕು, ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ನಾಡಕಚೇರಿಯಲ್ಲೋ ತಾಲೂಕು ಕಚೇರಿಯಲ್ಲೋ ಅರ್ಜಿ ಸಿಕ್ಕಿಹಾಕ್ಕೊಂಡಿರುವವರು ಮುಂದಿನ ಭಾನುವಾರ ಆ ಸ್ವೀಕೃತಿ ತನ್ನಿ. ಆರಾಧನೆ ಮುಗಿದ ಮೇಲೆ ಕೂತು ಮೇಲ್ಮನವಿ ಬರೆಯೋಣ, ಅದರ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡೋಣ. ಆಮೆನ್.