ಮುಖವಾಡವೂ ಹೃದಯವೂ

1925ರಲ್ಲಿ ಹೊವಾರ್ಡ್ ಕಾರ್ಟರ್ ಈಜಿಪ್ಟಿನ ಯುವ ಅರಸ ಟುಟಾಂಖಾಮನ್‌ನ ಶವಪೆಟ್ಟಿಗೆಯನ್ನು ತೆರೆದಾಗ, 10 ಕಿಲೋಗೂ ಮಿಕ್ಕ ಚಿನ್ನದ ಮುಖವಾಡವೊಂದು ಆತನ ಮೊಗವನ್ನು ಮರೆಮಾಡಿತ್ತು. ಅಗಲಿದ ಆತ್ಮವು ಮರಳಿ ಬಂದಾಗ ತನ್ನ ದೇಹವನ್ನು ಗುರುತಿಸಬೇಕೆಂಬುದು ಅವರ ನಂಬಿಕೆ.

ಆದರೆ ಅದೇ ಜನರು ಪರಲೋಕದ ನ್ಯಾಯಸಭೆಯ ತಕ್ಕಡಿಯಲ್ಲಿಟ್ಟದ್ದು ಮುಖವಾಡವನ್ನಲ್ಲ, ಹೃದಯವನ್ನು. ಎದುರು ತಟ್ಟೆಯಲ್ಲಿ ಸತ್ಯದ ಸಂಕೇತವಾದ ಒಂದು ಗರಿ! ಹೃದಯವು ತಮ್ಮ ವಿರುದ್ಧ ಸಾಕ್ಷಿ ನುಡಿಯದಿರಲೆಂದು, ಮಂತ್ರ ಕೆತ್ತಿದ ಕಲ್ಲಿನ ಜೀರುಂಡೆಯನ್ನು ಶವದ ಎದೆಯ ಮೇಲಿಡುತ್ತಿದ್ದರು.

ಅವರನ್ನು ಕಂಡು ನಗಬೇಡಿ. ನೆರೆಮನೆಯವರೊಡನೆ ಮುರಿದ ಮಾತು, ಒಡಹುಟ್ಟಿದವರಿಗೆ ಕೊಡದೆ ಉಳಿಸಿಕೊಂಡ ಪಾಲು – ಇವನ್ನು ನಮ್ಮ ಹೃದಯವೂ ಬಲ್ಲದು. ಅದರ ಬಾಯಿ ಮುಚ್ಚಿಸಲು ನಾವು ಯಾವ ಕಲ್ಲನ್ನು ಹುಡುಕುತ್ತಿದ್ದೇವೆ? ಸಾಕ್ಷಿಯನ್ನು ಅಡಗಿಸುವುದಕ್ಕಿಂತ, ಬದುಕಿರುವಾಗಲೇ ಅದಕ್ಕೆ ಕಿವಿಗೊಡುವುದು ಲೇಸಲ್ಲವೇ?