ಅಂಕಣದ ಹೊರಗಿನ ಅಭಿಮಾನಿ

ಒಂದು ತಂಡವನ್ನು ಮೆಚ್ಚಿ, ಅದರ ಗೆಲುವು ಸೋಲುಗಳ ಹಿಂದೆ ನಡೆಯುವವನಿಗೆ ಕನ್ನಡದಲ್ಲಿ ಅಭಿಮಾನಿ ಎನ್ನುತ್ತಾರೆ. ಪತ್ರಿಕೆಗಳ ಕ್ರೀಡಾಪುಟದಲ್ಲಿ ಇದು ಹೊಗಳಿಕೆಯ ಮಾತು. ದರ್ಶನಗಳಲ್ಲಿ ಇದೇ ಮಾತಿನ ತೂಕ ಬೇರೆ. ಈಶ್ವರಕೃಷ್ಣನ ಸಾಂಖ್ಯಕಾರಿಕೆ ಅಹಂಕಾರಕ್ಕೆ ಹೇಳುವ ಲಕ್ಷಣವೇ ಅಭಿಮಾನ: ನಾನು, ನನ್ನದು ಎಂದು ಹಿಡಿದುಕೊಳ್ಳುವ ಬುದ್ಧಿ. ಶಂಕರರು ಬ್ರಹ್ಮಸೂತ್ರಭಾಷ್ಯದ ಪೀಠಿಕೆಯಾದ ಅಧ್ಯಾಸಭಾಷ್ಯದಲ್ಲಿ ಇದಕ್ಕೆ ಮನೆಯೊಳಗಿನ ನಿದರ್ಶನವನ್ನೇ ಕೊಡುತ್ತಾರೆ. ಹೆಂಡತಿ ಮಕ್ಕಳಿಗೆ ಊನವಾದರೆ ಮನುಷ್ಯ ತನಗೇ ಊನವಾಯಿತೆಂದು ಕುಗ್ಗುತ್ತಾನೆ, ಅವರು ಚೆನ್ನಾಗಿದ್ದರೆ ತಾನೇ ಪೂರ್ಣನೆಂದು ಹಿಗ್ಗುತ್ತಾನೆ. ಹೊರಗಿನದರ ಗುಣವನ್ನು ತನ್ನ ಮೇಲೆ ಹೊರಿಸಿಕೊಳ್ಳುತ್ತಾನೆ. ಪಂದ್ಯ ಮುಗಿಸಿ ಹೊರಬರುವವನು ‘ಗೆದ್ವಿ’ ಎನ್ನುವಾಗ ನಡೆಯುವುದೂ ಇದೇ. ಅವನು ಅಂಕಣಕ್ಕೆ ಇಳಿದಿಲ್ಲ, ಅವನ ಮಂಡಿ ತರಚಿಲ್ಲ. ಎಷ್ಟೋ ಸಲ ಆಟದ ನಿಯಮವೂ ಅವನಿಗೆ ಪೂರಾ ಗೊತ್ತಿರುವುದಿಲ್ಲ.

ಗೊತ್ತಿಲ್ಲದೆಯೇ ಹುಟ್ಟುವ ಈ ಮಮತೆ ಎಂಥದು? ಆಟ ತಿಳಿಯುತ್ತ ಹೋದಂತೆ ಅದು ಕರಗುತ್ತದೆಯೇ, ಬಲಿಯುತ್ತದೆಯೇ? ಪುಣೆಯ ಕಬಡ್ಡಿ ತಂಡ ಪುಣೇರಿ ಪಲ್ಟನ್ ಈ ವಿಚಾರಕ್ಕೆ ಒಳ್ಳೆಯ ಆಸರೆ.

ಪ್ರೊ ಕಬಡ್ಡಿ ಲೀಗ್ 2014ರ ಜುಲೈನಲ್ಲಿ ಎಂಟು ತಂಡಗಳೊಂದಿಗೆ ಶುರುವಾಯಿತು. ಪಲ್ಟನ್ ಆ ಎಂಟರಲ್ಲಿ ಒಂದು. ಪಲ್ಟನ್ ಎಂದರೆ ದಂಡಿನ ತುಕಡಿ; ಕನ್ನಡದ ಪಟಾಲಮ್ಮಿನ ಹಾಗೆ ಇದೂ ಕಂಪನಿ ಸರ್ಕಾರದ ಸೈನ್ಯದಿಂದ ಊರಮಾತಿಗೆ ಇಳಿದು ಬಂದ ಪದ. ತಂಡದ ತವರು ಬಾಲೇವಾಡಿಯ ಶ್ರೀ ಶಿವಛತ್ರಪತಿ ಕ್ರೀಡಾ ಸಂಕೀರ್ಣ, ಮುಂಬೈ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲೇ ಇದೆ. ಹಿಂಜವಡಿಯ ಐಟಿ ಕಚೇರಿಗಳು ಅಲ್ಲಿಂದ ದೂರವಿಲ್ಲ. ವಿಜಯಪುರ, ಕಲಬುರಗಿ, ಬೆಳಗಾವಿ, ಧಾರವಾಡದ ಕಡೆಯಿಂದ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡಿಗರು ಪುಣೆಯಲ್ಲಿ ಬಹಳ. ಅವರಲ್ಲಿ ಹೆಚ್ಚಿನವರು ಶಾಲೆಯ ಮೈದಾನದ ಮಣ್ಣಿನಲ್ಲಿ ಕಬಡ್ಡಿ ಆಡಿದವರೇ. ಆದರೆ ಮ್ಯಾಟಿನ ಮೇಲಿನ ವೃತ್ತಿಪರ ಆಟ ಅವರಿಗೂ ಅರ್ಧ ಹೊಸದು: ನೆಲದ ಮೇಲೆ ಇಷ್ಟೊಂದು ಗೆರೆ, ತಲೆಯ ಮೇಲೆ ಗಡಿಯಾರ, ಇದ್ದಕ್ಕಿದ್ದಂತೆ ಬದಲಾಗುವ ಅಂಕ. ಪಲ್ಟನ್ ಮೊದಲ ಎರಡು ಆವೃತ್ತಿಗಳಲ್ಲಿ ಪಟ್ಟಿಯ ತಳದಲ್ಲಿತ್ತು. ಆಗಲೂ ಅದನ್ನು ಹಿಡಿದುಕೊಂಡವರ ಮಮತೆಗೆ ಗೆಲುವು ಕಾರಣವಾಗಿರಲಾರದು. ಹಲವರ ಮಟ್ಟಿಗೆ ಆಟದ ತಿಳಿವಳಿಕೆಯೂ ಕಾರಣವಲ್ಲ. ತಾನಿರುವ ಊರಿನ ಹೆಸರು ಅದಕ್ಕಿದೆ ಎಂಬುದಷ್ಟೇ ಸಾಕಾಗಿತ್ತು.

ತಿಳಿವಳಿಕೆ ಹೇಗೆ ಬರುತ್ತದೆಂದು ನೋಡಲು ಒಂದು ದಾಳಿಯನ್ನು ಹತ್ತಿರದಿಂದ ಗಮನಿಸಬೇಕು. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆ ದಾಟಿದ ರೈಡರ್‌ಗೆ ಸಿಗುವುದು 30 ಸೆಕೆಂಡು. ಅಷ್ಟು ಹೊತ್ತೂ ಅವನ ಬಾಯಲ್ಲಿ ‘ಕಬಡ್ಡಿ ಕಬಡ್ಡಿ’ ಕಡಿಯಬಾರದು. ನಡುಗೆರೆಯಿಂದ 3.75 ಮೀಟರ್ ಆಚೆ ಬಾಕ್ ಲೈನ್ ಇದೆ. ಯಾರನ್ನೂ ಮುಟ್ಟದೆ, ಅದನ್ನೂ ದಾಟದೆ ಹಿಂದಿರುಗಿದರೆ ಅವನು ಔಟ್. ಅದರಾಚೆ ಇನ್ನೊಂದು ಮೀಟರಿಗೆ ಬೋನಸ್ ಗೆರೆ. ಎದುರಿಗೆ ಆರು ಅಥವಾ ಏಳು ಮಂದಿ ಇದ್ದಾಗ ಮಾತ್ರ ಅಲ್ಲಿ ಅಂಕ: ಒಂದು ಪಾದ ಗೆರೆಯಾಚೆ ಊರಿರಬೇಕು, ಇನ್ನೊಂದು ಗಾಳಿಯಲ್ಲಿರಬೇಕು. ಎರಡು ಬದಿಗೂ ಒಂದೊಂದು ಮೀಟರಿನ ಪಟ್ಟಿ, ಲಾಬಿ. ಮೈ ಮುಟ್ಟುವ ತನಕ ಅದು ಹೊರಗಿನ ನೆಲ, ಕಾಲಿಟ್ಟರೆ ಔಟ್. ಮುಟ್ಟಿದ ಕ್ಷಣದಿಂದ ಅದೂ ಅಂಕಣವೇ.

ಹೊಸಬನ ಕಣ್ಣು ರೈಡರ್‌ನ ಮೇಲೆಯೇ ನೆಟ್ಟಿರುತ್ತದೆ. ನಾಲ್ಕಾರು ಪಂದ್ಯ ನೋಡಿದ ಮೇಲೆ ಅದು ಮೆಲ್ಲಗೆ ಮೂಲೆಯ ಆಟಗಾರನ ಕಡೆ ಸರಿಯುತ್ತದೆ: ಪಕ್ಕದವನ ಕೈ ಹಿಡಿದು, ಸೊಂಟ ತಗ್ಗಿಸಿ, ರೈಡರ್‌ನ ಭಾರ ಯಾವ ಕಾಲಿಗೆ ಬೀಳುತ್ತದೆಂದು ಕಾಯುತ್ತಿರುವವನು ಅವನು. ಬೋನಸ್ಸಿಗೆಂದು ಪಾದ ಚಾಚಿದ ಗಳಿಗೆಯಲ್ಲೇ ಕಣಕಾಲಿಗೆ ಕೈ ಬೀಳುತ್ತದೆ. ಖಾಲಿ ದಾಳಿಯ ಅರ್ಥವೂ ತಡವಾಗಿ ತೆರೆದುಕೊಳ್ಳುತ್ತದೆ. ಅಂಕವಿಲ್ಲದೆ ಮರಳುವ ರೈಡರ್ ಮೊದಲಿಗೆ ಹೆದರುಪುಕ್ಕಲನಂತೆ ಕಾಣುತ್ತಾನೆ. ಸತತ ಎರಡು ದಾಳಿ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ರೈಡರ್ ಔಟ್. ಇದೇ ‘ಡು ಆರ್ ಡೈ’. ಇದು ತಿಳಿದ ಮೇಲೆ ಆ ಎರಡು ಖಾಲಿ ದಾಳಿಗಳ ಹಿಂದಿನ ಲೆಕ್ಕ, ಮೂರನೆಯದಕ್ಕೆ ಯಾರನ್ನು ಉಳಿಸಿಕೊಂಡಿದ್ದಾರೆಂಬುದು ಕಾಣತೊಡಗುತ್ತದೆ. ಅಂಕಣ ಅದೇ, ಆಟಗಾರರು ಅವರೇ; ನೋಡುವವನ ಮುಂದೆ ನಡೆಯುತ್ತಿರುವುದು ಮಾತ್ರ ಮೊದಲಿನ ಆಟವಲ್ಲ.

ಪ್ರೀತಿ ಮೊದಲೋ ಅರಿವು ಮೊದಲೋ ಎಂಬುದು ಭಕ್ತಿಶಾಸ್ತ್ರದ ಹಳೆಯ ಚರ್ಚೆ. ನಾರದಭಕ್ತಿಸೂತ್ರ ಮೂರು ಪಕ್ಷಗಳನ್ನು ಎತ್ತುತ್ತದೆ: ಜ್ಞಾನವೇ ಭಕ್ತಿಗೆ ಸಾಧನವೆನ್ನುವವರು, ಎರಡೂ ಒಂದನ್ನೊಂದು ಆಶ್ರಯಿಸಿವೆ ಎನ್ನುವವರು, ಕಡೆಗೆ ಭಕ್ತಿಗೆ ಭಕ್ತಿಯೇ ಫಲವೆನ್ನುವ ನಾರದ. ಉಡುಪಿಯ ಮಧ್ವಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಖಚಿತವಾಗಿ ಮೊದಲ ಕಡೆ ನಿಲ್ಲುತ್ತಾರೆ. ಮಹಿಮೆಯನ್ನು ಅರಿತು, ಆ ಅರಿವಿನ ಮೇಲೆ ನಿಂತ, ಎಲ್ಲಕ್ಕಿಂತ ಮಿಗಿಲಾದ ಗಟ್ಟಿ ಸ್ನೇಹವೇ ಅವರ ಮತದಲ್ಲಿ ಭಕ್ತಿ. ವೀರಶೈವರ ಷಟ್‌ಸ್ಥಲದ ನಡೆ ಬೇರೆ. ಅಲ್ಲಿ ಶ್ರದ್ಧೆ ಮೊದಲು, ಆಮೇಲೆ ನಿಷ್ಠೆ, ಮೂರನೆಯದಾಗಿ ಅವಧಾನ, ಆ ಬಳಿಕವೇ ಅನುಭವ, ಆನಂದ, ಸಮರಸ. ದೇವರ ಮೇಲಿನ ಭಕ್ತಿಯನ್ನೂ ಒಂದು ಕಬಡ್ಡಿ ತಂಡದ ಮೇಲಿನ ಒಲವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸಲ್ಲದು. ಇಲ್ಲಿ ಹೋಲುವುದು ಮನಸ್ಸು ಹೆಜ್ಜೆಯಿಡುವ ಕ್ರಮವಷ್ಟೇ. ಆ ಮಟ್ಟಿಗೆ ಷಟ್‌ಸ್ಥಲದ ಕ್ರಮವೇ ಅಭಿಮಾನಿಯ ಕಲಿಕೆಗೆ ಹೊಂದುತ್ತದೆ. ಯಾರೂ ನಿಯಮಪುಸ್ತಕ ಓದಿ ತಂಡವನ್ನು ಆರಿಸಿಕೊಳ್ಳುವುದಿಲ್ಲ. ಮೊದಲು ಒಂದು ಬಣ್ಣದ ಕಡೆ ಕೂತು, ಸೋತರೂ ಎದ್ದುಹೋಗದೆ ಉಳಿದು, ಆ ಉಳಿಯುವಿಕೆಯಿಂದಲೇ ಕಣ್ಣು ಹರಿತವಾಗುತ್ತದೆ. ಸೋಲು ನೋಯಿಸಿದ್ದರಿಂದ ಯಾಕೆ ಸೋತೆವೆಂದು ಕೇಳುತ್ತಾರೆ. ಕೇಳಿದ್ದರಿಂದ ಲಾಬಿಯ ನಿಯಮ ತಿಳಿಯುತ್ತದೆ. ಆದರೂ ಮಧ್ವರ ಮಾತನ್ನು ತಳ್ಳಿಹಾಕುವಂತಿಲ್ಲ. ಹತ್ತು ವರ್ಷ ಕೂಗಿಯೂ ಮೂಲೆಯ ಆಟಗಾರನ ಕಾಲು ಕಾಣದವನದು ಇನ್ನೂ ಮೋಹವೇ, ಅದು ಸ್ನೇಹಕ್ಕೆ ಏರಿಲ್ಲ.

ಕಬಡ್ಡಿಯ ನಿಯಮಗಳಲ್ಲಿ ತತ್ತ್ವದ ದೃಷ್ಟಿಯಿಂದ ಎಲ್ಲಕ್ಕಿಂತ ಆಳವಾದದ್ದು ಔಟಾದವನು ಮರಳಿ ಬರುವ ನಿಯಮ. ಮಹಾರಾಷ್ಟ್ರದಲ್ಲಿ ಹುತುತು ಎಂಬ ಹೆಸರಿದ್ದ ಈ ಆಟಕ್ಕೆ 1920ರ ದಶಕದ ಆರಂಭದಲ್ಲಿ ಅಲ್ಲಿಯೇ ಲಿಖಿತ ನಿಯಮಗಳು ಕೂಡಿಬಂದವು. ಹಳೆಯ ಕಾಲದಲ್ಲಿ ಮೂರು ಬಗೆಗಳಿದ್ದವು. ಗಾಮಿನಿಯಲ್ಲಿ ಔಟಾದವನು ಹೋದ ಹಾಗೆಯೇ; ತಂಡದ ಎಲ್ಲರೂ ಔಟಾಗುವವರೆಗೆ ಅವನಿಗೆ ಮರಳುವ ದಾರಿಯಿಲ್ಲ. ಅಮರದಲ್ಲಿ ಯಾರೂ ಹೊರಗೆ ಹೋಗುವುದೇ ಇಲ್ಲ, ಎದುರಾಳಿಗೆ ಅಂಕ ಮಾತ್ರ ಸೇರುತ್ತದೆ. ಸಂಜೀವನಿಯಲ್ಲಿ ತಂಡದವರು ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ ತಮ್ಮಲ್ಲಿ ಔಟಾದವನೊಬ್ಬ ಜೀವ ಪಡೆಯುತ್ತಾನೆ. ಈ ಹೆಸರುಗಳನ್ನು ಇಟ್ಟವರು ಸಾವಿನ ಬಗ್ಗೆ ಮನುಷ್ಯ ಯೋಚಿಸಿರುವ ಮೂರು ಹಾದಿಗಳನ್ನು ಆಟದೊಳಗೆ ಇಟ್ಟುಬಿಟ್ಟರು. ಇಂದು ಉಳಿದು ಬೆಳೆದದ್ದು ಮುಖ್ಯವಾಗಿ ಸಂಜೀವನಿಯ ಪದ್ಧತಿ.

ಅದರ ಒಳಗನ್ನು ನೋಡಬೇಕು. ಔಟಾದವನು ತನ್ನ ಬಲದಿಂದ ಮರಳಲಾರ. ಹೊರಗೆ ಬೆಂಚಿನ ಮೇಲೆ ಕೂತವನಿಗೆ ಮಾಡಲು ಏನೂ ಇಲ್ಲ. ಅವನ ಜೀವ ಒಳಗಿರುವವನ ಕೈಯಲ್ಲಿದೆ. ಮರಳುವುದೂ ಔಟಾದ ಕ್ರಮದಲ್ಲೇ: ಮೊದಲು ಹೋದವನು ಮೊದಲು ಬರುತ್ತಾನೆ, ಹೆಸರಾಂತ ಆಟಗಾರನೆಂದು ಸಾಲು ತಪ್ಪಿಸುವಂತಿಲ್ಲ. ಬೋನಸ್ ಅಂಕದಿಂದ ಯಾರಿಗೂ ಜೀವ ಬರುವುದಿಲ್ಲ. ಅದು ತಂಡದ ಲೆಕ್ಕಕ್ಕೆ ಸೇರುತ್ತದೆ, ಎದುರಾಳಿ ಔಟಾಗಿಲ್ಲವಾದ್ದರಿಂದ ಹೊರಗೆ ಕೂತವನನ್ನು ಎಬ್ಬಿಸುವುದಿಲ್ಲ. ಏಳೂ ಮಂದಿ ಹೋದರೆ ಆಲೌಟ್: ಎದುರಾಳಿಗೆ ಎರಡು ಅಂಕ ಹೆಚ್ಚುವರಿ, ಇತ್ತ ಏಳೂ ಜನ ಮತ್ತೆ ಒಳಗೆ.

ಕರ್ಮಸಿದ್ಧಾಂತದ ಬಿಗಿಯಾದ ರೂಪ ಇದನ್ನು ಒಪ್ಪುವುದಿಲ್ಲ. ಮಾಡಿದವನೇ ಉಣ್ಣಬೇಕು, ಒಬ್ಬನ ಕರ್ಮದ ಫಲ ಇನ್ನೊಬ್ಬನಿಗೆ ದಾಟದು ಎಂಬುದು ಅದರ ಹಟ. ಕಬಡ್ಡಿಯಲ್ಲಿ ದಾಟುತ್ತದೆ. ಮಾಡಿದ ಪುಣ್ಯವನ್ನು ಇನ್ನೊಬ್ಬರಿಗೆ ಧಾರೆಯೆರೆಯಬಹುದೆಂದು ಬೌದ್ಧರಲ್ಲಿ ಒಂದು ನಂಬಿಕೆಯಿದೆ. ಆಟ ಅದಕ್ಕೆ ಹತ್ತಿರ. ಸಂಜೀವನಿ ಎಂಬ ಹೆಸರಿನ ಮೂಲದಲ್ಲೇ ಈ ಮಾತಿದೆ. ಆದಿಪರ್ವದ ಕಚನ ಕಥೆಯಲ್ಲಿ ಅಸುರರು ಕಚನನ್ನು ಸುಟ್ಟು, ಬೂದಿಯನ್ನು ಮದ್ಯದಲ್ಲಿ ಬೆರೆಸಿ ಗುರು ಶುಕ್ರಾಚಾರ್ಯರಿಗೇ ಕುಡಿಸುತ್ತಾರೆ. ಹೊಟ್ಟೆಯೊಳಗಿರುವ ಶಿಷ್ಯನನ್ನು ಬದುಕಿಸಬೇಕಾದರೆ ಗುರು ಸಾಯಬೇಕು. ಮೃತಸಂಜೀವನಿಯನ್ನು ಬಲ್ಲ ಒಬ್ಬನೇ ಒಬ್ಬನಿಗೂ ಆ ವಿದ್ಯೆ ತನ್ನ ಸಾವಿಗೆ ಒದಗದು. ಅದಕ್ಕೇ ಶುಕ್ರರು ಒಳಗಿರುವ ಕಚನಿಗೆ ವಿದ್ಯೆ ಹೇಳಿಕೊಡುತ್ತಾರೆ. ಗುರುವಿನ ಒಡಲು ಸೀಳಿ ಹೊರಬಂದ ಶಿಷ್ಯ ಗುರುವನ್ನು ಎಬ್ಬಿಸುತ್ತಾನೆ. ರೈಡರ್ ನಡುಗೆರೆಗೆ ಕೈ ಚಾಚಿ ಬಿದ್ದಾಗ ಬೆಂಚಿನಿಂದ ಜಿಗಿದೇಳುವ ಆಟಗಾರನ ಮುಖದಲ್ಲಿ ಕಾಣುವುದು ಅಂಥ ಋಣ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ನಡೆದ ಹತ್ತನೇ ಆವೃತ್ತಿಯ ಫೈನಲ್‌ನಲ್ಲಿ ಪಲ್ಟನ್‌ನ ಪಂಕಜ್ ಮೋಹಿತೆ ಒಂದೇ ದಾಳಿಯಲ್ಲಿ ನಾಲ್ಕು ಅಂಕ ತಂದರು. ಹರಿಯಾಣ ಸ್ಟೀಲರ್ಸ್ ವಿರುದ್ಧ ಪಂದ್ಯ 28–25ಕ್ಕೆ ಮುಗಿಯಿತು. ಅಂತರ ಮೂರೇ ಅಂಕ. ಅಸ್ಲಂ ಇನಾಮದಾರ್ ನಾಯಕತ್ವದಲ್ಲಿ ಪುಣೆಗೆ ಅದು ಮೊದಲ ಪ್ರಶಸ್ತಿ. ಆಗ ತಂಡದ ಕೋಚ್ ಆಗಿದ್ದವರು ಕನ್ನಡಿಗ ಬಿ.ಸಿ. ರಮೇಶ್, 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡವನ್ನೂ ಗೆಲ್ಲಿಸಿದವರು.

ಇಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಹರಾಜಿನಲ್ಲಿ ಆಟಗಾರರು ಬದಲಾಗುತ್ತಾರೆ, ಕೋಚ್ ಬದಲಾಗುತ್ತಾರೆ. ಹಾಗಿದ್ದಮೇಲೆ ಅಭಿಮಾನಿ ‘ನಮ್ಮ ತಂಡ’ ಎನ್ನುವುದು ಯಾವುದನ್ನು? ಮೊದಲ ಎರಡು ಆವೃತ್ತಿಗಳಲ್ಲಿ ಬೆಂಗಳೂರು ಬುಲ್ಸ್ ನಾಯಕರಾಗಿದ್ದ ಮಂಜೀತ್ ಛಿಲ್ಲರ್ 2016ರಲ್ಲಿ ಪುಣೆಯ ನಾಯಕರಾದರು. ಪುಣೆಯಲ್ಲಿ ನೆಲೆಸಿದ ಕನ್ನಡಿಗನೊಬ್ಬ ಆ ವರ್ಷ ಯಾರ ಕಡೆ ನಿಲ್ಲಬೇಕಿತ್ತು, ಹುಟ್ಟಿದ ನಾಡಿನ ಹೆಸರಿನ ಕಡೆಯೋ, ಬಾಡಿಗೆ ಮನೆಯಿರುವ ಊರಿನ ಕಡೆಯೋ, ಬುಲ್ಸ್ ಬಿಟ್ಟು ಬಂದ ಆ ನಾಯಕನ ಕಡೆಯೋ? ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನ ಯವನ ದೊರೆಗೆ ಕೇಳುವ ಪ್ರಶ್ನೆ ಇದರ ಹಿರಿಯಣ್ಣ. ಗಾಲಿ ರಥವೇ? ಅಚ್ಚು ರಥವೇ? ನೊಗ ರಥವೇ? ಯಾವುದೂ ಅಲ್ಲ. ಇವೆಲ್ಲ ಕೂಡಿದಾಗ ರಥವೆಂಬ ಹೆಸರು ನಡೆಯುತ್ತದೆ, ಅಷ್ಟೇ. ತಂಡವೂ ಹಾಗೆ ನಡೆಯುವ ಹೆಸರು. ಆದರೆ ರಥಕ್ಕಿಲ್ಲದ ಒಂದು ಅಂಗ ತಂಡಕ್ಕಿದೆ. ಏಳು ಜನರೂ ಬದಲಾದ ಮೇಲೆ ಹಳೆಯ ಸೋಲನ್ನು ನೆನಪಿಟ್ಟುಕೊಂಡಿರುವವರು ಮೆಟ್ಟಿಲ ಮೇಲೆ ಕೂತವರು. ಒಂದೂ ದಾಳಿ ಮಾಡದ ಅಭಿಮಾನಿಯೇ ತಂಡದ ಅತ್ಯಂತ ಹಳೆಯ ಭಾಗ. ಶಂಕರರು ಅಧ್ಯಾಸವೆಂದು ತೋರಿಸಿದ ‘ನನ್ನದು’ ಎಂಬ ತಪ್ಪು ಅರಿವೇ ಈ ಹೆಸರನ್ನು ಬದುಕಿಸಿಟ್ಟಿದೆ. ಅಧ್ಯಾಸವಿಲ್ಲದೆ ಲೋಕದ ಯಾವ ವ್ಯವಹಾರವೂ ನಡೆಯದೆಂದು ಅದೇ ಭಾಷ್ಯದಲ್ಲಿ ಅವರೂ ಒಪ್ಪಿದ್ದಾರೆ.

ಕಡೆಯ ಪ್ರಶ್ನೆ ರಸದ್ದು. ಅಭಿನವಗುಪ್ತ ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸುತ್ತಾನೆ. ತನ್ನದೇ ಸುಖದುಃಖಗಳಿಗೆ ವಶವಾಗಿರುವುದು ಅವುಗಳಲ್ಲೊಂದು. ರಂಗದ ಮೇಲಿನ ಶೋಕ ತನ್ನದೂ ಅಲ್ಲ, ಶತ್ರುವಿನದೂ ಅಲ್ಲ ಎಂಬ ಸ್ಥಿತಿಯಲ್ಲಿಯೇ ಸಹೃದಯನಿಗೆ ಅದು ರುಚಿಸುತ್ತದೆ. ಮೈಸೂರಿನ ಎಂ. ಹಿರಿಯಣ್ಣನವರು ಕಲಾನುಭವವನ್ನು ಬದುಕಿನ ಎಳೆದಾಟದಿಂದ ಸ್ವಲ್ಪ ಹೊತ್ತು ಸಿಗುವ ಬಿಡುಗಡೆಯೆಂದು ವಿವರಿಸಿದರು. ಈ ಅಳತೆಯಲ್ಲಿ ಅಭಿಮಾನಿಗೆ ರಸ ದಕ್ಕಲಾರದು; ಅವನು ಬರುವುದೇ ತನ್ನದು, ಎದುರಾಳಿಯದು ಎಂಬ ಎಣಿಕೆಯನ್ನು ಹೊತ್ತು. ಆದರೆ ಕಲಿತ ಕಣ್ಣಿಗೆ ಕೆಲವು ಗಳಿಗೆಗಳಲ್ಲಿ ಆ ಎಣಿಕೆ ತಪ್ಪುತ್ತದೆ. ಎದುರಾಳಿ ತಂಡದಲ್ಲಿ ಮೂವರೇ ಉಳಿದು, ಆ ಮೂವರು ಪುಣೆಯ ರೈಡರ್‌ನನ್ನು ಸರಪಳಿ ಹಾಕಿ ಹಿಡಿದು ಸೂಪರ್ ಟ್ಯಾಕಲ್ ಮಾಡಿದಾಗ, ‘ಅಬ್ಬಾ’ ಎಂಬ ಉದ್ಗಾರ ಬೇಸರಕ್ಕಿಂತ ಮೊದಲು ಹೊರಬರುತ್ತದೆ. ನಿಯಮ ತಿಳಿಯದವನಿಗೆ ಅಲ್ಲಿ ಸಿಗುವುದು ಬೇಸರ ಮಾತ್ರ. ಅರಿವು ಅಭಿಮಾನವನ್ನು ಕಿತ್ತುಹಾಕುವುದಿಲ್ಲ, ಅದರ ಹಿಡಿತವನ್ನು ಅಷ್ಟು ಹೊತ್ತು ಸಡಿಲಿಸುತ್ತದೆ.

ಬಾಲೇವಾಡಿಯ ಅಭಿಮಾನಿಗಳಿಗೆ ಇದರ ಪರೀಕ್ಷೆ ಬೇಗನೆ ಎದುರಾಯಿತು. ಇರಾನಿನ ಮೊಹಮ್ಮದ್‌ರೆಝಾ ಶಾದ್ಲೂಯಿ ಅವರನ್ನು ಪಲ್ಟನ್ ಹತ್ತನೇ ಆವೃತ್ತಿಗೆ 2.35 ಕೋಟಿ ರೂಪಾಯಿಗೆ ಕೊಂಡಿತ್ತು. ಹೈದರಾಬಾದಿನಲ್ಲಿ ಹರಿಯಾಣವನ್ನು ಮಣಿಸಿದ ತಂಡದಲ್ಲಿ ಅವರಿದ್ದರು. ಮುಂದಿನ ಹರಾಜಿನಲ್ಲಿ ಅದೇ ಹರಿಯಾಣ ಅವರನ್ನು 2.07 ಕೋಟಿಗೆ ಪಡೆಯಿತು. ಆ ಆವೃತ್ತಿಯಲ್ಲಿ ಪಲ್ಟನ್ ಪ್ಲೇಆಫ್ ತಲುಪಲಿಲ್ಲ. 2024ರ ಡಿಸೆಂಬರ್ 29ರಂದು ಹರಿಯಾಣ ಸ್ಟೀಲರ್ಸ್ ಪಟ್ನಾ ಪೈರೇಟ್ಸ್ ತಂಡವನ್ನು 32–23ರಿಂದ ಸೋಲಿಸಿ ತನ್ನ ಮೊದಲ ಪ್ರಶಸ್ತಿ ಗೆದ್ದಾಗ ಶಾದ್ಲೂಯಿ ಆ ತಂಡದಲ್ಲಿದ್ದರು. ಫೈನಲ್ ನಡೆದದ್ದು ಪುಣೆಯ ಬಾಲೇವಾಡಿಯಲ್ಲಿ.