ಅನ್ನದ ಅಹಿಂಸೆ, ಜಲದ ಅಹಿಂಸೆ
ತುಲಾ ಸಂಕ್ರಮಣದಲ್ಲಿ ತಲಕಾವೇರಿಯ ತೀರ್ಥೋದ್ಭವವನ್ನು ಕಂಡ ಭಕ್ತರು ಅನ್ನದಾನದ ಪಂಕ್ತಿಯಲ್ಲಿ ಕುಳಿತು ಶಾಕಾಹಾರವನ್ನು ಸ್ವೀಕರಿಸುವಾಗ, ಪ್ರಾಣಿಹಿಂಸೆಯಿಲ್ಲದ ಎಲೆಯೇ ಅಹಿಂಸೆಯ ಪರಿಪೂರ್ಣತೆಯೆಂಬ ಭಾವನೆ ಸಹಜವಾಗಿ ಮೂಡುವುದು. ಆದರೆ ಆ ಅನ್ನವನ್ನು ಬೇಯಿಸಿದ ಜಲಕ್ಕೂ ಒಂದು ಶರೀರವುಂಟು: ಮಳೆಯನ್ನು ಹೀರಿ, ಮಣ್ಣಿನಲ್ಲಿ ಕಾಪಿಟ್ಟು, ಬೇಸಗೆಯಲ್ಲಿ ತೊಟ್ಟುತೊಟ್ಟಾಗಿ ಬಿಡುವ ತಲಕಾವೇರಿಯ ಬ್ರಹ್ಮಗಿರಿಯ ಶೋಲಾ ಕಾಡು, ಹುಲ್ಲುಗಾವಲುಗಳೇ ಆ ಶರೀರ. 2020ರ ಆಗಸ್ಟಿನಲ್ಲಿ ಬ್ರಹ್ಮಗಿರಿಯ ಮಗ್ಗುಲು ಕುಸಿದು ಅರ್ಚಕರ ಮನೆಗಳನ್ನು ಆಹುತಿ ತೆಗೆದುಕೊಂಡ ಬಳಿಕ, ಗಿರಿಯನ್ನು ಅಗೆಯುವುದು ಎಷ್ಟರಮಟ್ಟಿಗೆ ಸಲ್ಲುವುದೆಂಬ ವಿವಾದ ಕೊಡಗಿನಲ್ಲಿ ತೀವ್ರವಾಯಿತು. ಯಾತ್ರಿಕನ ಸೌಕರ್ಯಕ್ಕಾಗಿ ಅಗೆಯಬೇಕೆನ್ನುವವರ ವಾದವು ನಿರಾಧಾರವಲ್ಲ. ಆದರೆ ಅವನು ಅರಸಿ ಬಂದುದನ್ನೇ ನುಂಗುವ ಸೌಕರ್ಯವು ಸೇವೆಯೆನಿಸದು. ಜೀವವನ್ನು ಕೊಲ್ಲದವನು ಜೀವಮೂಲವನ್ನೂ ಕೊಲ್ಲಬಾರದೆಂಬುದು ಅದೇ ವ್ರತದ ಉತ್ತರಾರ್ಧ. ಪೂರ್ವಾರ್ಧವು ನಾಲಗೆಯ ಸಂಯಮವನ್ನಷ್ಟೇ ಕೇಳಿದರೆ, ಇದು ಭೂಮಿಯ ಮೇಲಣ ಒಡೆತನದ ಹಂಬಲವನ್ನೇ ತ್ಯಜಿಸಬೇಕೆನ್ನುವುದರಿಂದ ಕಠಿನತರವಾದುದು.